ಕಡಲ ತಳವನ್ನು ಕಾಲಲ್ಲೇ ಕಾಣುವ ವರ್ನೀಟಾ

ಬೆಳಗಿನ ಐದೂಮುಕ್ಕಾಲು. ಕಡಲು ಇನ್ನೂ ಬೂದಿ ಬಣ್ಣದಲ್ಲಿದೆ. ಸೊಂಟ ಮುಳುಗುವ ನೀರಿನಲ್ಲಿ ಒಬ್ಬ ಹೆಂಗಸು ದಡದ ಉದ್ದಕ್ಕೆ ಸಾಗುತ್ತಿದ್ದಾರೆ. ಕಾಲೆತ್ತಿ ಇಡುವ ನಡಿಗೆ ಅದಲ್ಲ, ಮರಳಿನ ಮೇಲೆ ಪಾದವನ್ನು ಎಳೆದುಕೊಂಡು ಹೋಗುವ ನಡಿಗೆ. ಹೆಗಲಲ್ಲಿ ಬಲೆಯ ಚೀಲ, ತಲೆಗೆ ಬಿಗಿದು ಕಟ್ಟಿದ ಹಳದಿ ವಸ್ತ್ರ. ದೃಷ್ಟಿ ನೀರಿನ ಮೇಲಿಲ್ಲ, ಎಲ್ಲೋ ದೂರದಲ್ಲಿದೆ.

"ನೋಡಿದ್ರೆ ಕೆಲಸ ಕೆಡ್ತದೆ. ಕಣ್ಣು ಸುಮ್ಮನಿದ್ರೇನೇ ಕಾಲಿಗೆ ಬುದ್ಧಿ ಬರೋದು," ಎನ್ನುತ್ತಾರೆ ವರ್ನೀಟಾ ಸ್ಟರಪ್.

ವಯಸ್ಸು ಐವತ್ತೆಂಟು. ಬಹಾಮಾಸಿನ ಈ ಸ್ಪೂನರ್ ದ್ವೀಪ ಪ್ರವಾಸಿ ಹಡಗಿನ ಕಂಪನಿಯೊಂದರ ಕೈಯಲ್ಲಿದೆ. ವಾರಕ್ಕೆ ನಾಲ್ಕು ದಿನ ಹಡಗು ಬರುತ್ತದೆ, ಒಂದೊಂದು ಸಲಕ್ಕೆ ನಾಲ್ಕು ಸಾವಿರ ಜನ ಇಳಿಯುತ್ತಾರೆ. ಒಂದು ಹಗಲಿನ ಮಟ್ಟಿಗೆ ಮರಳು, ಬಿಸಿಲು, ನೀರು ಎಲ್ಲವೂ ಅವರದೇ. ಅವರು ನೀರಿಗಿಳಿಯುವ ಮೊದಲು ಈಜುವ ಜಾಗಕ್ಕೆ ಕಟ್ಟಿದ ಹಗ್ಗದೊಳಗಿನ ಕಡಲನ್ನೆಲ್ಲ ಕಾಲಿನಿಂದ ತಡವಿ, "ಬಿಡಬಹುದು" ಎಂದು ಹೇಳುವವರು ವರ್ನೀಟಾ. ಅವರು ಹೇಳದೆ ಹಸಿರು ಬಾವುಟ ಏರುವುದಿಲ್ಲ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ.

ಒಂದು ಸಾಲಿಗೆ ಮುನ್ನೂರ ಹತ್ತು ಹೆಜ್ಜೆ. ಅಂಥ ಹನ್ನೊಂದು ಸಾಲು. ಮುಗಿಯಲು ಎರಡು ಗಂಟೆ ಬೇಕು. ಕಳೆದ ತಿಂಗಳು ಕಾಲಿಗೆ ಸಿಕ್ಕಿದ್ದು ಮೈತುಂಬ ಮುಳ್ಳಿರುವ ಕಡಲಜೀವಿ ಕಪ್ಪು ಮುಳ್ಳುಂಡೆ ಅರವತ್ತಮೂರು, ನಾಲ್ಕು ಕನ್ನಡಕ, ಒಂದು ಹಲ್ಲಿನ ಸೆಟ್ಟು. ಮುಳ್ಳುಂಡೆಗಳನ್ನು ಹಗ್ಗದಾಚೆಯ ಬಂಡೆಯ ಬಳಿಗೆ ಬಿಟ್ಟು ಬರುತ್ತಾರೆ. "ಅವುಗಳ ಮನೆಗೆ ನಾವೇ ಬಂದು ಕೂತಿದೀವಿ. ಕೊಲ್ಲೋಕೆ ನಾನ್ಯಾರು?" ಹಲ್ಲಿನ ಸೆಟ್ಟನ್ನು ಹುಡುಕಿಕೊಂಡು ಯಾರೂ ಬಂದಿಲ್ಲವಂತೆ. "ಪಾಪ, ಬಾಯಿ ಬಿಟ್ಟು ಕೇಳೋದು ಹೇಗೆ!"

ಈ ವಿದ್ಯೆ ಅಪ್ಪನಿಂದ ಬಂದದ್ದು. ಎಲೈಜಾ ಸ್ಟರಪ್ ಶಂಖಕ್ಕೆ ಮುಳುಗುತ್ತಿದ್ದ ಮನುಷ್ಯ. ಕಣ್ಣಿಗೆ ಪೊರೆ ಬಂದ ಮೇಲೆ ತೆಳುನೀರಿನಲ್ಲಿ ಕಾಲಿನಿಂದಲೇ ಶಂಖ ಹುಡುಕುತ್ತಿದ್ದರು. ಪಕ್ಕದಲ್ಲಿ ಮಗಳು. "ಕಾಲೆತ್ತಬೇಡ ಕಣೇ, ಅಂತಿದ್ರು. ಎತ್ತಿ ಇಟ್ರೆ ತೊರಕೆ ಮೀನಿನ ಬೆನ್ನ ಮೇಲೇ ಇಡ್ತೀಯ, ಅದು ಬಾಲದಲ್ಲಿ ಚುಚ್ತದೆ. ಎಳ್ಕೊಂಡು ಹೋದ್ರೆ ಅದೇ ದಾರಿ ಬಿಡ್ತದೆ." ವರ್ನೀಟಾ ಅವರ ಗಂಡ ತೀರಿಕೊಂಡಾಗ ಮೂವರು ಮಕ್ಕಳೂ ಚಿಕ್ಕವರು. ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದರು, ಕುರ್ಚಿ ಹೊತ್ತರು, ದಡದ ಪಾಚಿ ಗೋರಿದರು. ಕೊನೆಗೆ ಸಿಕ್ಕಿದ್ದು ಈ ನೀರಿನ ಕೆಲಸ. ಅದು ಈ ತಿಂಗಳು ಕೈತಪ್ಪುವುದರಲ್ಲಿತ್ತು.

ವಸಂತದಲ್ಲಿ ಪಾಚಿ ಗೋರುವವನೊಬ್ಬನ ಕಾಲಿಗೆ ಗಾಜು ಹೊಕ್ಕಿತು. ಈ ತಿಂಗಳ ಮೊದಲಿಗೆ ಕಂಪನಿಯಿಂದ ಕಾಗದ ಬಂತು: ನೀರಿನಲ್ಲಿ ಕೆಲಸ ಮಾಡುವವರೆಲ್ಲ ರಬ್ಬರ್ ಬೂಟು ತೊಡಬೇಕು. ದಡದ ಹೊಸ ಮ್ಯಾನೇಜರ್ ಕೆಂಡಾಲ್ ಬೆಥೆಲ್ ರಾಜಧಾನಿ ನಸಾವಿನವರು, ಕಾಗದ ಬಂದರೆ ಅಕ್ಷರ ಬಿಡದೆ ನಡೆಸುವವರು. ವರ್ನೀಟಾ ಬೂಟು ತೊಟ್ಟರು. ಕಾಲಿಗೆ ಏನೂ ತಿಳಿಯಲಿಲ್ಲ. ತಿಳಿಯದಿದ್ದುದಕ್ಕೆ ಹೆಜ್ಜೆ ಎಣಿಸತೊಡಗಿದರು. ಎಣಿಕೆ ಸರಿಯಾದರೆ ನೆಲವೂ ಸರಿ ಎಂದುಕೊಂಡರು.

ಬೂಟು ತೊಟ್ಟ ಎರಡನೇ ಗುರುವಾರ ಹಡಗಿನಿಂದಿಳಿದ ಅಜ್ಜಿಯೊಬ್ಬರು ಹಗ್ಗದ ಮೂರನೇ ತೇಲುಗುಂಡಿನ ಹತ್ತಿರ ಮೊಣಕಾಲುದ್ದದ ನೀರಿನಲ್ಲಿದ್ದವರು ಒಮ್ಮೆಲೇ ಕುತ್ತಿಗೆವರೆಗೆ ಇಳಿದುಬಿಟ್ಟರು. ಉತ್ತರದ ಗಾಳಿ ಎಬ್ಬಿಸಿದ ಅಲೆ ಅಲ್ಲಿ ಗುಂಡಿ ತೋಡಿತ್ತು. ಕಾವಲು ಕೂತಿದ್ದ ಹಾರ್ಟ್ಲಿ ಹಾರಿ ಎಳೆದು ತಂದ. ಅಜ್ಜಿಗೆ ಏನೂ ಆಗಲಿಲ್ಲ, ಸಂಜೆ ನಗುತ್ತಲೇ ಹಡಗು ಹತ್ತಿದರು. ವರ್ನೀಟಾ ಮಾತ್ರ ಅಂದು ಊಟ ಮಾಡಲಿಲ್ಲ.

"ಬೂಟಿನ ತಪ್ಪಲ್ಲ, ನಂದು. ಗೊತ್ತಾಗದೇ ಇರೋವಾಗ ಗೊತ್ತಾಯ್ತು ಅಂತ ಬಾವುಟ ಏರಿಸ್ದೆ."

ಮರುದಿನವೇ ಮ್ಯಾನೇಜರ ಮುಂದೆ ಬೂಟು ಬಿಚ್ಚಿಟ್ಟರು. "ಬರಿಗಾಲಾದ್ರೆ ಇಳೀತೀನಿ. ಆಗಲ್ಲ ಅಂದ್ರೆ ಕುರ್ಚಿ ಹೊರೋಕೆ ಹಾಕಿ. ಸುಳ್ಳು ಬಾವುಟ ನಾನು ಏರ್ಸಲ್ಲ." ಬೆಥೆಲ್, "ಒಂದು ಬೆಳಿಗ್ಗೆ ನಾನೇ ನಿಮ್ಮ ಹಿಂದೆ ಬರ್ತೀನಿ, ನೋಡಿ ಹೇಳ್ತೀನಿ," ಎಂದರು.

ಆ ಬೆಳಿಗ್ಗೆ ಇಂದೇ. ವರ್ನೀಟಾ ಮುಂದೆ, ಬರಿಗಾಲಲ್ಲಿ. ಬೂಟು ತೊಟ್ಟು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆಥೆಲ್ ಹಿಂದೆ. ಹಾರ್ಟ್ಲಿ ದಡದಲ್ಲಿ ಹುರಿದ ಮೀನು, ಜಾನಿ ರೊಟ್ಟಿ ತಿನ್ನುತ್ತ ಕೂತಿದ್ದಾನೆ.

ಏಳನೇ ಸಾಲಿನ ನಡುವೆ ವರ್ನೀಟಾ ನಿಲ್ಲುತ್ತಾರೆ. ಹೆಬ್ಬೆರಳನ್ನು ಅತ್ತಿತ್ತ ಆಡಿಸುತ್ತಾರೆ.

"ಇಲ್ಲಿ ತಣ್ಣಗಿದೆ."

"ನೀರು ತಣ್ಣಗೇ ಇರ್ತದಲ್ಲ, ಮಿಸ್ ವರ್ನೀಟಾ."

"ಈ ತಂಪು ಬೇರೆ. ಗುಂಡಿ ಇದ್ರೆ ರಾತ್ರಿಯ ತಂಪು ಅದ್ರೊಳಗೆ ಕೂತಿರ್ತದೆ. ಅಂಚಿಗೆ ಬಂದ್ರೆ ಬೆರಳಿಗೆ ತಾಗ್ತದೆ. ಮುಂದೆ ಹೋಗ್ಬೇಡಿ."

"ನಿನ್ನೆ ಇಲ್ಲೇ ಓಡಾಡಿದೀನಿ ನಾನು, ಸಮತಟ್ಟಾಗಿತ್ತು," ಎಂದು ಬೆಥೆಲ್ ಅವರನ್ನು ದಾಟಿ ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ನೆಲ ಇರಲಿಲ್ಲ. ಎದೆವರೆಗೆ ಇಳಿದರು, ಟೋಪಿ ಹಾರಿ ನೀರಿಗೆ ಬಿತ್ತು.

ದಡದಿಂದ ಹಾರ್ಟ್ಲಿಯ ಕೂಗು: "ಸಾರ್, ಈಜೋ ಮನಸಿತ್ತು ಅಂತ ಮೊದಲೇ ಹೇಳ್ಬಾರ್ದಾ? ಟವೆಲ್ ಇಡ್ತಿದ್ದೆ!"

"ಬಾಯ್ಮುಚ್ಚೋ, ನಿನ್ನ ಮೀನಿನ ಮುಳ್ಳು ಗಂಟ್ಲಿಗೆ ಸಿಕ್ಕೀತು," ಎನ್ನುತ್ತ ವರ್ನೀಟಾ ಕೈ ಚಾಚುತ್ತಾರೆ. ಅವರ ಮುಖದಲ್ಲಿ ನಗು ಇಲ್ಲ. ಬೆಥೆಲ್ ಅವರನ್ನು ಮೇಲೆಳೆದವರೇ ಗುಂಡಿಯ ಅಂಚನ್ನು ಕಾಲಿನಿಂದ ಸುತ್ತಿ ನಾಲ್ಕು ಗೂಟ ನೆಡುತ್ತಾರೆ, ಕೆಂಪು ಬಟ್ಟೆ ಕಟ್ಟುತ್ತಾರೆ. ಉಳಿದ ನಾಲ್ಕು ಸಾಲನ್ನೂ ಮುಗಿಸಿಯೇ ದಡಕ್ಕೆ ಬರುತ್ತಾರೆ.

ಬೆಥೆಲ್ ಮರಳಲ್ಲಿ ಕೂತು ಬೂಟಿನೊಳಗಿನ ನೀರು ಸುರಿಯುತ್ತಿದ್ದಾರೆ. "ಮೇಲಿನವರಿಗೆ ಕಾಗದ ನಾನು ಬರೀತೀನಿ," ಎಂದರು. "ನೀವು ಬರಿಗಾಲು. ಆದ್ರೆ ತಿಂಗಳಿಗೊಮ್ಮೆ ನರ್ಸಮ್ಮ ಕಾಲು ನೋಡ್ಬೇಕು."

"ದಿನಾ ನೋಡ್ಲಿ. ತೊಳ್ಕೊಂಡೇ ಬರ್ತೀನಿ." ಗೂಟದ ಕಡೆ ಕೈ ತೋರಿಸಿ, "ಇನ್ನೊಂದು ಬರೀರಿ, ಮಿಸ್ಟರ್ ಬೆಥೆಲ್. ಗೂಟ ಇರೋ ಕಡೆ ಇವತ್ತು ಜನ ಬಿಡೋ ಹಾಗಿಲ್ಲ. ಹಗ್ಗ ಈಚೆಗೆ ಎಳೀರಿ. ಆಮೇಲೆ ಬಾವುಟ."

ಹಗ್ಗ ಸರಿಯುತ್ತದೆ. ಎಂಟೂವರೆಗೆ ಬಾವುಟ ಏರುತ್ತದೆ.

ಇನ್ನೇನು ಬೇಕು ಎಂದು ಕೇಳಿದರೆ ವರ್ನೀಟಾ ಗದ್ದದಿಂದಲೇ ನೀರಿನ ಕಡೆ ತೋರಿಸುತ್ತಾರೆ. ಹಡಗಿನ ಜನ ಬಂದಾಗಿದೆ. ಮಕ್ಕಳು ಕೂಗುತ್ತ, ದೊಡ್ಡವರು ಟವೆಲ್ ಬಿಸಾಡಿ, ಒಬ್ಬರ ಮೇಲೊಬ್ಬರು ಬಿದ್ದು ಕಡಲಿಗೆ ಓಡುತ್ತಿದ್ದಾರೆ.

"ನೋಡಿ, ಒಬ್ಬರಾದ್ರೂ ಕೆಳಗೆ ನೋಡಿಕೊಂಡು ಇಳೀತಿದಾರಾ? ಇಲ್ಲ. ಹಾಗೇ ಓಡ್ಲಿ. ಅಷ್ಟೇ ನಂಗೆ ಬೇಕಾದದ್ದು."