ನದೀಮ ಹಾಕಿದ ಬೆಸುಗೆ

ಅಫಜಲಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಗುರಣ್ಣನ ಗ್ಯಾರೇಜು ಎಲ್ಲಿ ಅಂತ ಕೇಳಿದರೆ ಚಹಾದಂಗಡಿಯವನು ಕೆಟಲಿಯ ಮೂತಿಯಿಂದಲೇ ದಿಕ್ಕು ತೋರಿಸುತ್ತಾನೆ. ಗುರಣ್ಣ ಡೀಸೆಲ್ ಗಾಡಿಗಳನ್ನು ಬಿಚ್ಚಲು ಹಿಡಿದು ಇಪ್ಪತ್ತೆರಡು ವರ್ಷ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ತನ್ನ ಕೈಯಿಂದಲೂ ತಪ್ಪಾಗಬಹುದು ಅನ್ನುವುದನ್ನು ಮಾತ್ರ ಅವನು ಯಾವತ್ತೂ ಒಪ್ಪಿದವನಲ್ಲ. "ಸಾರಿಗೆ ಉಪ್ಪು ಹೆಚ್ಚಾದ್ರೂ ನಂದೇ ತಪ್ಪು, ಬಿಸಿ ಸಾರು ಕುಡದು ಇವರ ನಾಲಗಿ ಸುಟ್ರೂ ನಂದೇ ತಪ್ಪು" ಅಂತ ಅವನ ಹೆಂಡತಿ ನಗುತ್ತಲೇ ಹೇಳುತ್ತಿದ್ದಳು. ನಗುವ ಮಾತಾಗಿತ್ತು ಆಗ.

ಅದೇ ಗ್ಯಾರೇಜಿನ ಬೇವಿನಮರದ ಕಡೆಯ ಮೂಲೆಯಲ್ಲಿ ಹದಿನಾರು ವರ್ಷ ನದೀಮ ಇದ್ದ. ಬಿಚ್ಚುವುದು, ಕೂಡಿಸುವುದು ಗುರಣ್ಣ. ಒಡೆದದ್ದನ್ನು ಬೆಸೆಯುವುದು ನದೀಮ. ಮಾತು ಕಡಿಮೆಯ ಮನುಷ್ಯ. ಬೆಸುಗೆ ಹಾಕಿದ ಮೇಲೆ ಅದನ್ನು ತಿಕ್ಕಿ ನುಣ್ಣಗೆ ಮಾಡುತ್ತಿರಲಿಲ್ಲ. ಮೀನಿನ ಮೈಮೇಲಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತ ಗೆರೆಗಳನ್ನು ಹಾಗೇ ಬಿಡುತ್ತಿದ್ದ. "ತಿಕ್ಕಿದ್ರ ಚಂದ ಕಾಣತದ ಗುರಣ್ಣಾ, ಆದ್ರ ಯಾರ ಕೈ ಅಂತ ಗೊತ್ತಾಗಂಗಿಲ್ಲ" ಅನ್ನುತ್ತಿದ್ದ.

ಇಂಥ ಜೋಡಿ ಮುರಿದದ್ದು ಮೊಳದುದ್ದದ ಒಂದು ಪೈಪಿನಿಂದ.

ಕಬ್ಬಿನ ಹೊಲಗಳ ಸಾಹುಕಾರ ದೌಲತರಾಯನ ಬಿಳಿ ಡೀಸೆಲ್ ಕಾರು. ಅದರ ಇಜಿಆರ್ ಪೈಪು ಒಡೆದಿತ್ತು. ಎಂಜಿನ್ನು ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಎಂಜಿನ್ನಿಗೇ ಕಳಿಸುವ ಪೈಪು ಅದು. "ಉಗುಳಿದ್ದನ್ನ ತಾನೇ ನುಂಗೂ ಪೈಪು" ಅಂತ ನದೀಮ ಚೇಷ್ಟೆ ಮಾಡುತ್ತಿದ್ದ. ಅವನು ಬೆಸೆದುಕೊಟ್ಟ, ಗುರಣ್ಣ ಕೂಡಿಸಿದ. ಎರಡು ತಿಂಗಳಿಗೆ, ಹುಣ್ಣಿಮೆಗೆಂದು ಸಾಹುಕಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಗಾಣಗಾಪುರಕ್ಕೆ ಹೊರಟಾಗ, ನಡುದಾರಿಯಲ್ಲಿ ಕಾರು ಕರಿಹೊಗೆ ಕಾರಿ ಏದುಸಿರು ಬಿಟ್ಟು ನಿಂತಿತು. ಪೈಪು ಮತ್ತೆ ಒಡೆದಿತ್ತು.

ಮರುದಿನ ಸಾಹುಕಾರ ಗ್ಯಾರೇಜಿಗೆ ಬಂದು ಹತ್ತು ಜನರ ಮುಂದೆ ಕೂಗಾಡಿದ. ಗುರಣ್ಣ ಪೈಪು ಬಿಚ್ಚಿದವನೇ ಸರಿಯಾಗಿ ನೋಡಲೂ ಇಲ್ಲ. "ನಂದೇನೂ ತಪ್ಪಿಲ್ರಿ ಸಾವ್ಕಾರ್ರ, ಇವನ ಬೆಸಗಿನೇ ಕಚ್ಚಾ. ಇತ್ತೀಚಿಗೆ ಕೆಲಸದ ಮ್ಯಾಲ ಧ್ಯಾನ ಇಲ್ಲ ಇವಂಗ" ಅಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ನದೀಮ ಪೈಪನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಬಗ್ಗಿ ಎಂಜಿನ್ನಿನ ಹಿಂದೆ ಕೈ ಹಾಕಿ ಏನನ್ನೋ ತಡವಿದ. ಗುರಣ್ಣನ ಮುಖ ನೋಡಿದ. "ಆಯ್ತು ಗುರಣ್ಣಾ" ಅಂದ, ಅಷ್ಟೇ. ಮರುದಿನ ಸಾಮಾನೆಲ್ಲ ಟಂಟಂ ಆಟೋದಲ್ಲಿ ಹೇರಿಕೊಂಡು ಹೆಂಡತಿ ಅಮೀರುನ್ನಿಸಾಳ ತವರಾದ ಯಡ್ರಾಮಿಗೆ ಹೋದ. ಗುರಣ್ಣ ತಡೆಯಲಿಲ್ಲ. ಹಳೆಯ ಪೈಪನ್ನು ಗುಜರಿ ರಾಶಿಗೆ ಎಸೆದು ಕಲಬುರಗಿಯಿಂದ ಹೊಸದು ತರಿಸಿ ಹಾಕಿದ. ಎಂಟು ತಿಂಗಳಿಗೆ ಸುದ್ದಿ ಬಂತು: ನದೀಮನಿಗೆ ಎದೆನೋವು ಬಂದು, ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟ. ಗುರಣ್ಣ ಮಣ್ಣಿಗೂ ಹೋಗಲಿಲ್ಲ. ಕಾಲು ಮುಂದೆ ಬರಲಿಲ್ಲ, ಮುಖ ತೋರಿಸುವ ಧೈರ್ಯವಾಗಲಿಲ್ಲ.

ಈ ವರ್ಷ ಜೋಳದ ರಾಶಿಯ ದಿನಗಳಲ್ಲಿ ಸಾಹುಕಾರನ ಕಾರು ತಿರುಗಿ ಬಂತು. ಅದೇ ಹೊಗೆ, ಅದೇ ಏದುಸಿರು. ಗುರಣ್ಣ ಪೈಪು ಬಿಚ್ಚಿದ. ಹೊಸ ಪೈಪು, ಅದಕ್ಕೆ ಯಾರೂ ಬೆಸುಗೆ ಹಾಕಿರಲಿಲ್ಲ. ಆದರೆ ಒಡೆದದ್ದು ಅದೇ ಜಾಗದಲ್ಲಿ.

ಅವನು ಮೊಬೈಲಿನ ಬೆಳಕು ಹಿಡಿದು ಎಂಜಿನ್ನಿನ ಹಿಂದೆ ನೋಡಿದ. ಪೈಪು ಅಲುಗದಂತೆ ಹಿಡಿಯುವ ಪಟ್ಟಿಯೊಂದು ಅಲ್ಲಿರುತ್ತದೆ. ಪಟ್ಟಿ ಇತ್ತು, ಅದರ ಬೋಲ್ಟು ಇರಲಿಲ್ಲ. ತೂತಿನ ತುಂಬ ಹಳೆಯ ಮಸಿ. ಆಗ ನೆನಪಾಯಿತು. ಮೊದಲ ಸಲ ಪೈಪು ಕೂಡಿಸುವಾಗ ಅಲ್ಲಿಗೆ ಕೈ ಹೋಗುತ್ತಿರಲಿಲ್ಲ, ಸಾಹುಕಾರ ಅವಸರ ಮಾಡುತ್ತಿದ್ದ. "ಎರಡೂ ತುದಿ ಬಿಗಿ ಅದ, ಸಾಕು" ಅಂದುಕೊಂಡು ಆ ಬೋಲ್ಟನ್ನು ಡಬ್ಬಿಗೆ ಎಸೆದಿದ್ದ. ಎರಡನೆಯ ಸಲವೂ ಹಾಗೇ ಬಿಟ್ಟಿದ್ದ. ಆಸರೆಯಿಲ್ಲದ ಪೈಪು ಎಂಜಿನ್ನು ನಡುಗಿದಷ್ಟೂ ನಡುಗಿ ಒಡೆಯದೆ ಇನ್ನೇನು ಮಾಡೀತು?

ಗುಜರಿ ರಾಶಿ ಕೆದರಿ ಹಳೆಯ ಪೈಪನ್ನು ಹುಡುಕಿ ತೆಗೆದ. ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ಒರೆಸಿದ. ಮೀನಿನ ಹುರುಪೆಯ ಗೆರೆಗಳು ಒಂದೂ ಬಿರುಕು ಬಿಟ್ಟಿರಲಿಲ್ಲ. ಸೀಳು ಬಂದದ್ದು ಬೆಸುಗೆಯಿಂದ ಬೆರಳಷ್ಟು ಆಚೆ. ಗುರಣ್ಣ ಅಲ್ಲೇ ನೆಲಕ್ಕೆ ಕುಸಿದು, ಬಂದು ಹೋಗುವವರ ಕಣ್ಣೆದುರೇ ಅತ್ತ.

ಮರುದಿನ ಪೈಪನ್ನು ಚೀಲದಲ್ಲಿ ಹಾಕಿಕೊಂಡು, ಜೇವರ್ಗಿಯಲ್ಲಿ ಬಸ್ಸು ಬದಲಿಸಿ ಯಡ್ರಾಮಿಗೆ ಹೋದ. ಅಮೀರುನ್ನಿಸಾ ಬಾಗಿಲಲ್ಲೇ ಹೊಲಿಗೆ ಮಷೀನಿನ ಮುಂದೆ ಕೂತಿದ್ದಳು. ಇವನನ್ನು ನೋಡಿ ಸೆರಗು ತಲೆಗೆ ಎಳೆದುಕೊಂಡು ಎದ್ದಳು. "ಬರ್ರಿ ಗುರಣ್ಣಾ" ಅಂದಳು. ಚಹಾ ಕೊಟ್ಟಳು. ಅವನು ಪೈಪನ್ನು ಚಾಪೆಯ ಮೇಲಿಟ್ಟ.

"ಭಾಬಿ, ನದೀಮನ ಬೆಸಗಿ ಒಡದಿರಲಿಲ್ಲ. ನಾನೇ ಬೋಲ್ಟ್ ಹಾಕಿರಲಿಲ್ಲ."

"ಗೊತ್ತದರಿ."

ಗುರಣ್ಣ ತಲೆ ಎತ್ತಿದ.

"ಅವತ್ತೇ ಮನೀಗಿ ಬಂದು ಹೇಳಿದ್ರು. ಮತ್ತ ಅಲ್ಲೇ ಯಾಕ ಹೇಳಲಿಲ್ರಿ ಅಂದೆ. ಅಷ್ಟು ಮಂದಿ ಮುಂದ ಹೆಂಗ ಹೇಳಲಿ, ಅಣ್ಣನ ಗ್ಯಾರೇಜಿನ ಹೆಸರು ಹೋಗತದ, ಒಂದಿನ ತಾನೇ ನೋಡಿ ಕರೀತಾನ ಅಂದ್ರು." ಅವಳು ಬೆಸುಗೆಯ ಗೆರೆಗಳ ಮೇಲೆ ನಿಧಾನಕ್ಕೆ ಬೆರಳಾಡಿಸಿದಳು. "ಫೋನ್ ಬಂದಾಗೆಲ್ಲ ನೀವೇ ಅಂತ ಓಡಿ ಹೋಗಿ ನೋಡ್ತಿದ್ರು."

ಇದಕ್ಕಿಂತ ಎರಡು ಬೈಗುಳ ಬೈದಿದ್ದರೆ ಗುರಣ್ಣ ಬದುಕಿಕೊಳ್ಳುತ್ತಿದ್ದ. ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದೆ ಸರಿದಳು.

"ನನ್ನ ಮುಂದ ಹೇಳಿ ಏನ್ ಉಪಯೋಗರಿ? ಸಾವ್ಕಾರನ ಮುಂದ ಅಂದಿದ್ರಿ. ಅವರ ಮುಂದನೇ ಹೇಳ್ರಿ."

ಊರಿಗೆ ಬಂದು ಹೊಸ ಪೈಪು ತರಿಸಿದ. ಪಟ್ಟಿಯ ಬೋಲ್ಟು ಬಿಗಿಯಲು ಬೆರಳಿನ ಗೆಣ್ಣುಗಳೆಲ್ಲ ಸುಲಿದವು. ಅರ್ಧ ತಾಸು ಹಿಡಿಯಿತು. ಬರೀ ಅರ್ಧ ತಾಸು.

ಸಂತೆಯ ದಿನ ಸಾಹುಕಾರ ಬಂದ. ಗ್ಯಾರೇಜಿನ ತುಂಬ ಜನ. ಗುರಣ್ಣ ಹಳೆಯ ಪೈಪನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತ. ಎಲ್ಲರಿಗೂ ಕೇಳುವ ಹಾಗೆ, "ಸಾವ್ಕಾರ್ರ, ಅವತ್ತು ನಾ ಸುಳ್ಳು ಹೇಳಿದ್ದೆ. ತಪ್ಪು ನಂದು. ನದೀಮನ ಬೆಸಗಿ ಇವತ್ತಿಗೂ ಗಟ್ಟಿ ಅದ, ನೋಡ್ರಿ" ಅಂದ.

ದೌಲತರಾಯ ಪೈಪು ನೋಡಿದ, ಅವನ ಮುಖ ನೋಡಿದ.

"ಯಾವ ನದೀಮಲೇ?"

"ನಮ್ಮ ಬೆಸಗಿ ನದೀಮರಿ. ಆ ಮೂಲ್ಯಾಗ ಕೂಡ್ತಿದ್ದ. ನೀವು ಹುಣ್ಣಿಮಿಗೆ ಹೋದಾಗ..."

"ನೆನಪಿಲ್ಲ ಬಿಡು. ಗಾಡಿ ಆಗ್ಯಾದಿಲ್ಲೋ?"

"ಆಗ್ಯಾದ್ರಿ."

ಕಾರು ಒಂದೇ ಏಟಿಗೆ ಚಾಲೂ ಆಯಿತು. ಹೊಗೆಯ ಒಂದು ಎಳೆಯೂ ಇರಲಿಲ್ಲ. ಅದು ಸಂತೆಯ ಗದ್ದಲದಲ್ಲಿ ಮರೆಯಾದರೂ ಗುರಣ್ಣ ಪೈಪು ಹಿಡಿದುಕೊಂಡು ನಿಂತೇ ಇದ್ದ. ಅದನ್ನು ಇನ್ನು ಯಾರಿಗೆ ತೋರಿಸಬೇಕೆಂದು ಅವನಿಗೆ ತಿಳಿಯಲಿಲ್ಲ.