ಬಲೆ ಹಿಡಿದು ನಿಲ್ಲುವ ರಾಮಮ್ಮ

ಬೆಳಗಿನ ಆರು ಗಂಟೆ. ಜ್ಞಾನಭಾರತಿ ಕ್ಯಾಂಪಸ್ಸಿನ ಕಾಂಪೌಂಡ್ ಪಕ್ಕದ ರಸ್ತೆಯಲ್ಲಿ ಇನ್ನೂ ವಾಕಿಂಗ್‌ನವರೇ ಹೆಚ್ಚು. ರಾಮಮ್ಮ ಮೊಣಕಾಲೆತ್ತರದ ಹುಲ್ಲಿನೊಳಗೆ ಬಗ್ಗಿ ನಡೆಯುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ಅಂಗಿ, ಅದರ ಮೇಲೊಂದು ಕಿತ್ತಳೆ ಬಣ್ಣದ ಹೊಳೆಯುವ ಜಾಕೆಟ್. ಕಾಲಿನಿಂದ ಹುಲ್ಲು ಸರಿಸುತ್ತಾ, ಸಿಕ್ಕ ಕಲ್ಲು, ಬಾಟಲಿ ಚೂರು, ತಂತಿ, ತೆಂಗಿನ ಚಿಪ್ಪು ಎಲ್ಲವನ್ನೂ ಗೋಣಿಚೀಲಕ್ಕೆ ಹಾಕುತ್ತಾರೆ. ಹಿಂದೆ ಹುಲ್ಲು ಕತ್ತರಿಸುವ ಮಿಷನ್ನನ್ನು ಹೆಗಲಿಗೆ ತಗುಲಿಸಿಕೊಂಡ ಬೈರಯ್ಯ ಕಾಯುತ್ತಿದ್ದಾರೆ. ರಾಮಮ್ಮ ಕೈ ಎತ್ತುವವರೆಗೆ ಅವರು ಸ್ಟಾರ್ಟ್ ಮಾಡುವುದಿಲ್ಲ.

“ಹುಲ್ಲೊಳಗೆ ಏನಿದೆ ಅಂತ ಮೇಲಿಂದ ಗೊತ್ತಾಗಲ್ಲ ಸಾರ್. ಮಿಷನ್‌ಗೆ ಸಿಕ್ರೆ ಸಣ್ಣ ಕಲ್ಲೂ ಗುಂಡಿನ ಥರ ಹಾರುತ್ತೆ,” ಎನ್ನುತ್ತಾರೆ ರಾಮಮ್ಮ.

ಮಿಷನ್ ಶುರುವಾದ ಮೇಲೆ ಅವರ ಎರಡನೇ ಕೆಲಸ. ಎರಡು ಪೈಪುಗಳ ನಡುವೆ ಬಿಗಿದ ಹಸಿರು ಬಲೆಯನ್ನು ಹಿಡಿದು, ಬೈರಯ್ಯನವರಿಗೂ ರಸ್ತೆಗೂ ನಡುವೆ ನಿಲ್ಲುವುದು. ಅವರು ಒಂದು ಹೆಜ್ಜೆ ಸರಿದರೆ ಇವರೂ ಒಂದು ಹೆಜ್ಜೆ. ಮಿಷನ್ನಿನ ಸದ್ದಿಗೆಂದು ಕಿವಿಗೆ ಕವಚ ಹಾಕಿಕೊಂಡಿರುವ ಬೈರಯ್ಯನವರಿಗೆ ಹಾರ್ನ್ ಕೇಳಿಸದು. ಯಾರಾದರೂ ಹತ್ತಿರ ಬಂದರೆ ರಾಮಮ್ಮ ಕೈ ಎತ್ತುತ್ತಾರೆ, ಮಿಷನ್ ನಿಲ್ಲುತ್ತದೆ. ಎಂಟರ ಹೊತ್ತಿಗೆ ಆಫೀಸಿನ ಟ್ರಾಫಿಕ್ ಏರಿದಂತೆ ಬೈಕುಗಳು ಅವರ ಬೆನ್ನು ಸವರಿಕೊಂಡೇ ಹೋಗುತ್ತವೆ.

ರಾಮಮ್ಮ ಕುರುಬರಹಳ್ಳಿಯವರು. ಮೊದಲು ಊದುಬತ್ತಿ ಕಾರ್ಖಾನೆಯಲ್ಲಿದ್ದರು. ಅಲ್ಲಿನ ಪುಡಿಗೆ ಕೆಮ್ಮು ಹತ್ತಿ, ಕೆಲಸ ಬಿಟ್ಟರು. “ಇಲ್ಲಿ ಬಿಸ್ಲು, ಧೂಳು ಎಲ್ಲಾ ಇದೆ. ಆದ್ರೂ ಬೆಳಿಗ್ಗೆ ಹುಲ್ಲು ಕತ್ತರಿಸಿದ ವಾಸನೆ ಬರುತ್ತಲ್ಲ, ಅದು ನಂಗಿಷ್ಟ,” ಎಂದು ನಗುತ್ತಾರೆ.

ಈ ಕೆಲಸ ಕಳೆದ ವರ್ಷ ಅವರ ಕೈತಪ್ಪಿತ್ತು. ತಮ್ಮ ಅಪ್ಪನ ನಂತರ ಇಲ್ಲಿನ ಹುಲ್ಲು ಕತ್ತರಿಸುವ ಗುತ್ತಿಗೆ ವಹಿಸಿಕೊಂಡ ಶುಭಾ ಖರ್ಚು ತೂಗಿಸಲು ಒದ್ದಾಡುತ್ತಿದ್ದ ದಿನಗಳವು. ಟೆಂಡರಿನ ದರ ಹಳೆಯದು. ಪೆಟ್ರೋಲು, ಮಿಷನ್ನಿನಲ್ಲಿ ಬ್ಲೇಡಿನಂತೆ ಸುತ್ತುವ ನೈಲಾನ್ ದಾರ, ಹುಲ್ಲು ಸಾಗಿಸುವ ಲಾರಿ ಬಾಡಿಗೆ ಎಲ್ಲವೂ ಏರಿದ್ದವು. “ಎಲ್ಲಿ ಉಳಿಸ್ಬಹುದು ಅಂತ ನೋಡ್ದಾಗ ಬಲೆ ಹಿಡಿಯೋರ ಸಂಬಳ ಕಣ್ಣಿಗೆ ಬಿತ್ತು. ಸುಮ್ನೆ ನಿಂತ್ಕೊಳ್ಳೋ ಕೆಲಸ ಅನ್ಕೊಂಡಿದ್ದೆ,” ಎಂದು ಶುಭಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ರಾಮಮ್ಮ ಬಸವೇಶ್ವರನಗರದ ಒಂದು ಮೆಸ್ಸಿನಲ್ಲಿ ತರಕಾರಿ ಹೆಚ್ಚಲು ಸೇರಿಕೊಂಡರು. ಬೈರಯ್ಯ ಬಿದಿರು ಗಳುಗಳಿಗೆ ಬಲೆ ಕಟ್ಟಿ ಒಬ್ಬರೇ ಕತ್ತರಿಸತೊಡಗಿದರು. ವಾರವೂ ಕಳೆದಿರಲಿಲ್ಲ, ಪಕ್ಕದಲ್ಲಿ ಹಾದ ಲಾರಿಯ ಗಾಳಿಗೆ ಗಳು ವಾಲಿ ಬಲೆ ಮಲಗಿತು. ಅದೇ ಗಳಿಗೆಗೆ ಸಿಡಿದ ಕಲ್ಲು ಶಾಲಾ ವ್ಯಾನಿನ ಗಾಜಿಗೆ ಬಡಿಯಿತು. ಕಿಟಕಿ ಪಕ್ಕದ ಹುಡುಗಿಯ ಮಡಿಲ ತುಂಬಾ ಗಾಜು. ಪುಣ್ಯಕ್ಕೆ ಮೈಗೆ ಏನೂ ಆಗಲಿಲ್ಲ.

ಬೈರಯ್ಯ ಮಿಷನ್ ಕೆಳಗಿಟ್ಟು ಫುಟ್‌ಪಾತಿನ ಮೇಲೆ ಕುಳಿತುಬಿಟ್ಟರು. ಓಡಿಬಂದ ಶುಭಾಗೆ ಅವರು ಹೇಳಿದ್ದು ಇಷ್ಟೇ: “ಒಬ್ನೇ ಇನ್ಮೇಲೆ ಮಿಷನ್ ಹೊಡಿಯಲ್ಲಮ್ಮ. ಬೇಕಾದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ.”

ಅಂದು ಸಂಜೆಯೇ ಶುಭಾ ಕುರುಬರಹಳ್ಳಿಗೆ ಹೋದರು. “ನಾಳೆಯಿಂದ ಬನ್ನಿ ರಾಮಮ್ಮ ಅಂದ್ರು,” ರಾಮಮ್ಮ ನೆನಪಿಸಿಕೊಳ್ಳುತ್ತಾರೆ. “ಬರ್ತೀನಿ, ಆದ್ರೆ ನಂಗೊಬ್ಳಿಗೆ ಕೆಲಸ ಕೊಟ್ರೆ ಸಾಲ್ದು, ನಿಮ್ಮ ಎಲ್ಲಾ ಮಿಷನ್‌ಗೂ ಬಲೆಯವ್ರು ಇರ್ಬೇಕು ಅಂದೆ. ಪಾಪ, ಮೆಟ್ಲ ಮೇಲೆ ಕೂತ್ಕೊಂಡು ಹ್ಞೂಂ ಅಂದ್ರು. ಕಾಫಿ ಮಾಡ್ಕೊಟ್ಟೆ.”

ಶುಭಾ ಮಾತು ಉಳಿಸಿಕೊಂಡಿದ್ದಾರೆ. ಉಳಿತಾಯದ ದಾರಿಯನ್ನು ಬೇರೆ ಕಡೆ ಹುಡುಕಿದ್ದಾರೆ. ಅನುಮತಿ ಪಡೆದು ಕತ್ತರಿಸಿದ ಹುಲ್ಲನ್ನು ಅಲ್ಲೇ ಮರಗಳ ಬುಡಕ್ಕೆ ಹಾಕಿಸುವುದರಿಂದ ಲಾರಿಯ ಓಡಾಟ ಕಡಿಮೆಯಾಗಿದೆ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಕತ್ತರಿಸಿದರೆ ಬೀಜ ಉದುರುವುದಿಲ್ಲ, ಮುಂದಿನ ಸುತ್ತಿಗೆ ಕಳೆಯೂ ಕಡಿಮೆ. ಲಾಭ ಹೆಚ್ಚಿಲ್ಲ, ಆದರೆ ಕೆಲಸ ನಡೆಯುತ್ತಿದೆ. ಈಗ ಬಲೆಯ ಜೊತೆ ರಸ್ತೆಯಲ್ಲಿಡಲು ಕೋನ್‌ಗಳೂ ಬಂದಿವೆ.

ಇತ್ತೀಚೆಗೆ ರಾಮಮ್ಮ ಹೊಸ ವಿದ್ಯೆಗೆ ಕೈ ಹಾಕಿದ್ದಾರೆ. ಭಾನುವಾರ ಖಾಲಿ ಸೈಟೊಂದರಲ್ಲಿ ಬೈರಯ್ಯ ಅವರಿಗೆ ಮಿಷನ್ ಹೇಳಿಕೊಡುತ್ತಾರೆ. ನಾವು ಹೋದ ದಿನ ಟ್ರಾಫಿಕ್ ಏರುವ ಮೊದಲು, ಕಾಂಪೌಂಡಿಗೆ ಅಂಟಿದ ಒಂದು ಸಣ್ಣ ಪಟ್ಟಿಯನ್ನು ಅವರಿಗೇ ಬಿಟ್ಟುಕೊಟ್ಟರು. ಬಲೆ ಬೈರಯ್ಯನವರ ಕೈಗೆ ಹೋಯಿತು.

“ಭುಜ ಬಿಗಿ ಹಿಡೀಬೇಡ ಕಣಮ್ಮ, ಸೊಂಟ ತಿರುಗ್ಲಿ,” ಎಂದು ತೋರಿಸಿಕೊಟ್ಟು ಅವರು ಪಕ್ಕಕ್ಕೆ ಸರಿದರು.

ರಾಮಮ್ಮ ನಿಧಾನವಾಗಿ ಕತ್ತರಿಸುತ್ತಾ ಸಾಗಿದರು. ಅಲ್ಲಲ್ಲಿ ಜುಟ್ಟು ಬಿಟ್ಟಂತೆ ಹುಲ್ಲು ಉಳಿಯಿತು. ಕೊನೆ ಮುಟ್ಟಿ, ಮಿಷನ್ ಆಫ್ ಮಾಡಿ, ಹಿಂತಿರುಗಿ ನೋಡಿ ಬೆವರು ಒರೆಸಿಕೊಂಡರು. ಮಿಷನ್ ಜೊತೆಗೇ ಒಂದು ಫೋಟೋ ತೆಗೆಯಲೇ ಎಂದು ಕೇಳಿದೆ. ಅವರು ಅದನ್ನು ಬೈರಯ್ಯನವರಿಗೆ ಕೊಟ್ಟು, ಬಲೆ ಇಸಿದುಕೊಂಡು ಬಂದು ನೆಟ್ಟಗೆ ನಿಂತರು.

“ಮಿಷನ್ ಇನ್ನೂ ಕಲೀತಾ ಇದೀನಿ ಸಾರ್. ಇದು ನಂಗೆ ಬರೋ ಕೆಲಸ. ಇದನ್ನೇ ಹಾಕಿ.”