ಗಾಳದ ಕೋಲಿಗೆ ಮೇಣದ ದಾರ

ನನ್ನ ಗಂಡನ ಗಾಳದ ಕೋಲುಗಳನ್ನು ಹದಿನಾರು ವರ್ಷ ನಾನೇ ಕಟ್ಟಿದ್ದೇನೆ. ಮೊದಲು ಸ್ಕೂಟರಿಗೆ, ಆಮೇಲೆ ಕಾರಿನ ನೆತ್ತಿಗೆ, ಕೊನೆಗೆ ಕಯಾಕಿಗೆ. ಕಯಾಕು ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ, ಸೌತೆಕಾಯಿಯಂಥ ಪ್ಲಾಸ್ಟಿಕ್ ದೋಣಿ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬೇರೊಬ್ಬ ನಮ್ಮ ಅಂಗಳದಲ್ಲಿ ಮಂಡಿಯೂರಿ ಕೂತು ಆ ಕೋಲುಗಳಿಗೆ ಕೈ ಹಚ್ಚಿದ್ದನ್ನು ನೋಡಿದೆ. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ. ನಿಜವಾಗಿಯೂ ಅಲ್ಲೇ ಉರಿಯುತ್ತದೆ.

ತೆಲುಗು ಸೀಮೆಯ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳಿಗೆ ವೈರುಗಳನ್ನು ಕಂತೆ ಕಟ್ಟುವುದು ನನ್ನ ಕೆಲಸ. ಮೇಣ ಸವರಿದ ಚಪ್ಪಟೆ ದಾರದಲ್ಲಿ ಎರಡು ಬೆರಳಗಲಕ್ಕೊಂದು ಗಂಟು ಹಾಕಬೇಕು. ಪರೀಕ್ಷೆ ಮಾಡುವವರು ಬಂದು ಗಂಟನ್ನು ಬೆರಳಿಂದ ತಳ್ಳುತ್ತಾರೆ. ಕೂದಲೆಳೆಯಷ್ಟು ಸರಿದರೂ ಕತ್ತರಿಸಿ ಬಿಸಾಕುತ್ತಾರೆ. ನನ್ನ ಗಂಟನ್ನು ಯಾರೂ ಕತ್ತರಿಸಿದ್ದಿಲ್ಲ. ಅದನ್ನು ಬಿಚ್ಚುವುದಂತೂ ದೂರದ ಮಾತು. ಜಂಬ ಅಂದರೆ ಅನ್ನಲಿ.

ಆ ಮನುಷ್ಯ ರಾಯಚೂರಿನ ಕಡೆಯವನು. ಅದೇ ಕಾರ್ಖಾನೆಯಲ್ಲಿ ನನ್ನ ಗಂಡನಿರುವ ಲೇತ್ ವಿಭಾಗಕ್ಕೆ ಹೊಸದಾಗಿ ಸೇರಿದ್ದ. ಅವನಿಗೆ ಸ್ವಂತ ಕಯಾಕಿತ್ತು. ಅದನ್ನು ನೋಡಿಯೇ ನಮ್ಮವರೂ ಒಂದು ತಂದದ್ದು. ಅವನು ನನ್ನನ್ನು ‘ವೈನಿ’, ಅಂದರೆ ಅತ್ತಿಗೆ, ಅನ್ನುತ್ತಿದ್ದ, ಚಪ್ಪಲಿ ಹೊರಗೆ ಬಿಟ್ಟು ಬರುತ್ತಿದ್ದ, ಊಟ ಆದಮೇಲೆ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ಇಂಥವರನ್ನು ಬಾಯಿಬಿಟ್ಟು ಬೈಯುವುದು ಹೇಗೆ ಹೇಳಿ!

ಅಂದು ಅವನು ನನ್ನ ದಾರವನ್ನೆಲ್ಲ ತೆಗೆದುಹಾಕಿದ್ದ. ಸೀಟಿನ ಹಿಂದಿನ ಕೊಳವೆಗಳಲ್ಲಿ ಕೋಲುಗಳನ್ನು ಸುಮ್ಮನೆ ನಿಲ್ಲಿಸಿ, ಪ್ರತಿಯೊಂದರ ಬುಡಕ್ಕೂ ಸುರುಳಿ ಹಗ್ಗ ಸಿಕ್ಕಿಸಿ, ಅದರ ಇನ್ನೊಂದು ತುದಿಯ ಕೊಂಡಿಯನ್ನು ದೋಣಿಯ ಬಳೆಗೆ ಹಾಕಿದ. ಸಾಮಾನಿನ ಡಬ್ಬಿಯ ಮೇಲೆ ರಬ್ಬರ್ ಹಗ್ಗ ಎಳೆದ. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದ, “ವೈನಿ, ನಮ್ಮ ಕಾರ್ಖಾನ್ಯಾಗ ಗಂಟು ಬಿಚ್ಚಬಾರದು, ಖರೆ. ನೀರಾಗ ಮಾತ್ರ ಒಂದ ಬೊಟ್ಟಿಲೆ ಬಿಚ್ಚಬೇಕ್ರಿ. ದೋಣಿ ಪಲ್ಟಿ ಆದ್ರ ಸಾಮಾನು ಹೋಗಲಿ, ಮನಷ್ಯಾ ಸಿಕ್ಕೊಬಾರದು ನೋಡ್ರಿ.”

ನಮ್ಮವರು ಹಿಗ್ಗಿದ್ದೇ ಹಿಗ್ಗಿದ್ದು. “ಭಾಳ ಶಾಣ್ಯಾ ಅದಾನ. ಇನ್ನ ನೀ ಯಾಕ ತ್ರಾಸ ತಗೋತಿ? ಅಂವಾ ಕಟ್ತಾನ ಬಿಡು.”

ತ್ರಾಸ ಅಂತ ನಾನು ಯಾವತ್ತಾದರೂ ಅಂದಿದ್ದೆನೆ? ವಾರವಿಡೀ ಅವರಿಗೆ ಒಂದು ಶಿಫ್ಟು, ನನಗೊಂದು ಶಿಫ್ಟು. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ, ಅವರು ಕೋಲು ಹಿಡಿದುಕೊಂಡು ನಾನು ಗಂಟು ಹಾಕುವಾಗ, ನಾವಿಬ್ಬರೂ ಕೂತು ಮಾತಾಡುತ್ತಿದ್ದೆವು. ನಮಗಿದ್ದದ್ದು ಅಷ್ಟೇ. ಅದನ್ನು ಅವನು ಎರಡು ಕೊಂಡಿ ಹಾಕಿ ಕಿತ್ತುಕೊಂಡ.

ಆಮೇಲೆ ಮನೆಯಲ್ಲಿ ಎತ್ತಿದರೆ ಅವನ ಮಾತು, ಇಳಿಸಿದರೆ ಅವನ ಮಾತು. ಊಟದ ಡಬ್ಬಿಗೆ ಎರಡು ರೊಟ್ಟಿ ಹೆಚ್ಚು ಹಾಕು, ಅವನಿಗೆ ನಿನ್ನ ಶೇಂಗಾ ಹಿಂಡಿ ಸೇರುತ್ತದೆ ಅನ್ನುತ್ತಿದ್ದರು. ಹಾಕುತ್ತಿದ್ದೆ, ಖಾರ ಸ್ವಲ್ಪ ಮುಂದೆ ಮಾಡಿ. ಆ ಪುಣ್ಯಾತ್ಮ ಅದನ್ನೂ ಹೊಗಳಿ ಕಳಿಸುತ್ತಿದ್ದ. ಒಮ್ಮೆ ಒಂದು ಕೋಲು ಕೊಳವೆಯಿಂದ ಜಾರಿ ನೀರಿಗೆ ಬಿತ್ತಂತೆ, ಅವನ ಸುರುಳಿ ಹಗ್ಗ ಇದ್ದುದರಿಂದ ಉಳಿಯಿತಂತೆ. ಈ ಕಥೆಯನ್ನು ನಾನು ಮೂರು ಸಲ ಕೇಳಬೇಕಾಯಿತು. ನನ್ನ ಗಂಟಾಗಿದ್ದರೆ ಅದು ಜಾರುತ್ತಲೇ ಇರಲಿಲ್ಲವಲ್ಲ! ಇದು ಯಾಕೆ ಒಬ್ಬರಿಗೂ ಹೊಳೆಯುವುದಿಲ್ಲ?

ಹೀಗೇ ಎರಡು ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ನಾನೂ ಹಟ ಮಾಡಿ ಅವರ ಜೊತೆ ಕೆರೆಗೆ ಹೋದೆ. ಊರ ಹೊರಗೆ ದೊಡ್ಡ ಕೆರೆ. ಮೀನುಗಾರರ ಸಂಘದವರ ಹತ್ತಿರ ಮೀನು ಹಿಡಿಯುವ ಪರವಾನಗಿ ಚೀಟಿ ಮಾಡಿಸಲು ಗಂಡಸರಿಬ್ಬರೂ ಅತ್ತ ಹೋದರು. ಕಯಾಕುಗಳು ದಂಡೆಯ ಮೇಲಿದ್ದವು. ನಾನು ಚೀಲದಿಂದ ಮೇಣದ ದಾರ ತೆಗೆದೆ. ನಮ್ಮವರ ಎರಡು ಕೋಲುಗಳನ್ನೂ ಕೊಳವೆಗಳಿಗೆ ಸೇರಿಸಿ, ಡಬ್ಬಿಯ ಮರೆಯಲ್ಲಿ ಕಾಣದ ಹಾಗೆ, ಒಂದೊಂದಕ್ಕೆ ಐದೈದು ಗಂಟು ಬಿಗಿದೆ. ಅವನ ಹಗ್ಗ, ಅವನ ಕೊಂಡಿ ಹಾಗೇ ಇದ್ದವು, ಶೋಕಿಗೆ. ಇವತ್ತು ಕೋಲು ಅಲುಗದಿದ್ದರೆ ಸಂಜೆ ನಿಜ ಹೇಳಿ ಅವನ ಮುಖ ನೋಡಬೇಕು ಅಂದುಕೊಂಡೆ. ಅವನು ನೀರಿನ ಬಗ್ಗೆ ಹೇಳಿದ್ದು ನನಗೆ ನೆನಪಿರಲಿಲ್ಲ ಅಂತಲ್ಲ. ಅವನು ಹೇಳಿದ್ದು ಅನ್ನುವ ಕಾರಣಕ್ಕೇ ಅದು ನನಗೆ ಬೇಡವಾಗಿತ್ತು.

ದಂಡೆಯಿಂದ ಎಲ್ಲ ಕಾಣುತ್ತಿತ್ತು. ನಮ್ಮವರು ಕೋಲುಗಳನ್ನು ಕೊಳವೆಯಲ್ಲೇ ಬಿಟ್ಟು, ಗಾಳದ ನೂಲನ್ನು ಹಿಂದೆ ನೀರಿಗಿಳಿಸಿ ಹುಟ್ಟು ಹಾಕುತ್ತಿದ್ದರು. ಒಂದು ಕೋಲು ಒಮ್ಮೆಲೇ ಬಾಗಿತು, ದೊಡ್ಡ ಮೀನೇ ಇರಬೇಕು. ನಮ್ಮವರು ತಿರುಗಿ ಕೋಲನ್ನು ಮೇಲಕ್ಕೆ ಎಳೆದರು. ಬರಲಿಲ್ಲ. ಇನ್ನೂ ತಿರುಗಿ, ಏನು ಸಿಕ್ಕಿಕೊಂಡಿದೆ ಅಂತ ಕೈಯನ್ನು ದಾರದ ಸುತ್ತುಗಳೊಳಗೆ ತೂರಿಸಿದರು. ಅಷ್ಟರಲ್ಲಿ ಮೀನು ಪಕ್ಕಕ್ಕೆ ಜಗ್ಗಿತು, ಕಯಾಕು ಮಗುಚಿತು. ಅವರ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ತೇಲಿ ಬರುತ್ತದೆ ಅಂತ ಕಾದೆ. ಬರಲಿಲ್ಲ. ಮಗುಚಿದ ದೋಣಿಯ ಪಕ್ಕ ಎರಡು ಕಾಲು ನೀರು ಬಡಿಯುತ್ತಿದ್ದವು.

ನಾನು ಅವನ ಹೆಸರು ಹಿಡಿದು ಕೂಗಿದೆ. ದೇವರನ್ನು ಕೂಡ ಕರೆಯಲಿಲ್ಲ, ಅವನನ್ನು ಕರೆದೆ. ಅವನು ಆಗಲೇ ತನ್ನ ಕಯಾಕಿನಿಂದ ನೀರಿಗೆ ಹಾರಿದ್ದ, ಜಾಕೆಟ್ಟಿನ ಎದೆಗೆ ಸಿಕ್ಕಿಸಿಕೊಂಡಿದ್ದ ಚಾಕು ಅವನ ಕೈಯಲ್ಲಿತ್ತು.

ದಂಡೆಗೆ ತಂದು ಮಲಗಿಸಿದಾಗ ನಮ್ಮವರು ನೀರು ಕಾರಿದರು. ಮಣಿಕಟ್ಟು ಸುಲಿದು ಕೆಂಪಗಾಗಿತ್ತು. ಉಸಿರು ಬಂದ ಕೂಡಲೇ ಗುಡುಗಿದರು, “ಯಾಂವ ಕಟ್ಟಿದಾಂವ ಅದನ್ನ?”

ಅವನ ಮುಷ್ಟಿಯಲ್ಲಿ ಕತ್ತರಿಸಿದ ದಾರದ ತುಂಡಿತ್ತು. ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. “ನಾನೇ ಅಣ್ಣಾ. ವೈನಿ ಕಡೆ ದಾರ ಇಸ್ಕೊಂಡು ಕಟ್ಟಿದ್ದೆ. ತಪ್ಪಾತು.”

“ಇವತ್ತಿಂದ ನನ್ನ ಸಾಮಾನು ಮುಟ್ಟಬ್ಯಾಡ. ನನ್ನ ಮನಿ ಹೊಸ್ತಿಲಾ ತುಳಿಬ್ಯಾಡ!”

ಅವನು ತಲೆ ತಗ್ಗಿಸಿಕೊಂಡು ತನ್ನ ಕಯಾಕನ್ನು ಗಾಡಿಗೆ ಹೇರಿ ಹೊರಟುಹೋದ. ತಿಂಗಳುಗಟ್ಟಲೆ ನಾನು ಬಯಸಿದ್ದು ಇದನ್ನೇ. ಬಾಯಿ ತೆರೆಯಲು ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತೆರೆಯಲಿಲ್ಲ, ಅಷ್ಟೇ.

ಅವರ ಕೈಗೆ ಬಟ್ಟೆ ಸುತ್ತಿ ಕಾರನ್ನು ನಾನೇ ಓಡಿಸಿದೆ. ಬಾಲಾನಗರದ ಹತ್ತಿರ ಬರುವಾಗ ಅವರು ತಮ್ಮ ನೊಂದ ಕೈಯನ್ನು ನನ್ನ ಭುಜದ ಮೇಲಿಟ್ಟು, “ಇನ್ನ ಮ್ಯಾಲ ನೀನೇ ಕಟ್ಟು. ನಿನ್ನ ಕೈಯಾಗ ಇದ್ದಿದ್ರ ಹಿಂಗ ಆಗ್ತಿರಲಿಲ್ಲ” ಅಂದರು.

ಕಾರನ್ನು ಬದಿಗೆ ನಿಲ್ಲಿಸಿದೆ. ಹಿಂದಿನವರು ಹಾರ್ನ್ ಹೊಡೆದು ತೆಲುಗಿನಲ್ಲಿ ಬೈದು ಹೋದರು.

“ನಾನೇ ಕಟ್ಟಿದ್ದು. ನೀವಿಬ್ಬರೂ ಚೀಟಿಗೆ ಹೋದಾಗ.”

ಅವರು ಹೊಡೆಯಲಿ, ಕೂಗಲಿ, ಇಳಿದು ಹೋಗಲಿ, ಎಲ್ಲಕ್ಕೂ ತಯಾರಾಗಿದ್ದೆ.

ಅವರು ಕೈ ಚಾಚಿದರು. “ನನ್ನ ಫೋನ್ ನೀರಾಗ ಹೋತು. ನಿಂದು ಕೊಡು.”

ಕೊಟ್ಟೆ. ಅವನಿಗೆ ಫೋನ್ ಹಚ್ಚಿದರು. “ತಮ್ಮಾ” ಅಂದವರೇ ಅಳಲು ಶುರು ಮಾಡಿದರು, ನಮ್ಮ ಮದುವೆಯಾದಾಗಿನಿಂದ ನಾನು ಒಮ್ಮೆಯೂ ನೋಡಿರದ ಅಳು. ಮಧ್ಯದಲ್ಲಿ ನಕ್ಕರು, ಮತ್ತೆ ಅತ್ತರು. ಅವನು ಅತ್ತ ಏನು ಹೇಳುತ್ತಿದ್ದನೋ ನನಗೆ ಕೇಳಿಸಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ. ಅವರಿಗೆ ನನ್ನನ್ನು ಬೈಯಲು ಪುರಸೊತ್ತು ಸಿಕ್ಕಿದ್ದು ಅವನ ಜೊತೆ ಮಾತು ಮುಗಿದ ಮೇಲೆ.